ಇಳಿಬುಟ್ಟಿ ದಿಣ್ಣೆಗಳು

ತೊರೆಹಾಳಿನ ಒಡೆದ ಕೆರೆಯ ಏರಿಯ ಮೇಲೆ ನಿಂತರೆ, ಹಳೆಯ ಮಣ್ಣಿನ ಗುಂಡಿಯಿಂದ ಏರಿಯ ಒಡಕಿನವರೆಗೆ ಒಂದೇ ಸಾಲಿನಲ್ಲಿ ಮೊಣಕಾಲೆತ್ತರದ ಮಣ್ಣಿನ ಗುಡ್ಡೆಗಳು ಕಾಣುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಎರಡು ಹೆಜ್ಜೆ ಅಂತರ. ಹದಿನೆಂಟು ಎನ್ನುವವರಿದ್ದಾರೆ, ಎಣಿಸಿದರೆ ಹದಿನೇಳೇ. ಪಕ್ಕದ ಎತ್ತರದಲ್ಲಿ ಕಲ್ಲಿನ ಮಂಟಪವಿದೆ. ಅದರ ಒಳಗೋಡೆಯ ಚಪ್ಪಡಿಗಲ್ಲಿನಲ್ಲಿ, ಲೋಕದ ಮನುಷ್ಯರೆಲ್ಲರೂ ಒಡಹುಟ್ಟಿದವರು ಎಂದು ಕೊರೆದಿದೆ. ಮಳೆ ಬಿಸಿಲು ತಾಗದ ಕಾರಣ ಅಕ್ಷರಗಳು ಈಗಲೂ ಚೆನ್ನಾಗಿವೆ. ಕೆರೆ ಇಲ್ಲ.

ಹಿಂದೆ ಒಮ್ಮೆ, ಕೆರೆ ತುಂಬಿದ್ದ ಕಾಲದಲ್ಲಿ, ಆ ಮಂಟಪದಲ್ಲಿ ಸಾಧುಸಂತರ ದೊಡ್ಡ ಸಭೆ ಸೇರಿತ್ತು ಎನ್ನುತ್ತಾರೆ. ನಾನಾ ಪಂಥದವರು, ನಾನಾ ಸೀಮೆಯವರು, ಕಡಲಾಚೆಯಿಂದ ಬಂದ ಇಬ್ಬರು. ಚಿದ್ಘನಯ್ಯನೆಂಬವನು ಅವರಿಗೆಲ್ಲ ಹಿರಿಯ. ಒಂಬತ್ತು ದಿನ ಮಾತನಾಡಿ, ಜಗತ್ತಿನ ಜನರ ಆತ್ಮ ಒಂದೇ, ಎಲ್ಲರೂ ಒಡಹುಟ್ಟಿದವರು, ಆದ್ದರಿಂದ ಕೂಡಿ ದುಡಿಯಬೇಕು ಎಂದು ಅವರು ತೀರ್ಮಾನಿಸಿದರು. ಕೆರೆಯ ನೀರು ಕಾಯುತ್ತಿದ್ದ ದುರುಗವ್ವ ದಿನವೂ ಹೊರಗೆ ನಿಂತು ಅದನ್ನು ಕೇಳುತ್ತಿದ್ದಳು. ನೀರುಗಂಟಿಯಾಗಿದ್ದ ಗಂಡ ಸತ್ತ ಮೇಲೆ ಆ ಕೆಲಸ ಅವಳ ಪಾಲಿಗೆ ಬಂದಿತ್ತು. ಏರಿಯ ಕೆಳಗಿನ ಗುಡಿಸಲಿನಲ್ಲಿ ಅವಳ ಮಗಳು ಈರಕ್ಕ ಸಭೆ ಮುಗಿಯುವ ಹೊತ್ತಿಗೆ ಏಳು ದಿನವಾಗಿದ್ದ ಕೂಸಿನೊಡನೆ ಮಲಗಿದ್ದಳು. ಒಳ್ಳೆಯ ಮಾತುಗಳು ಕಿವಿಗೆ ಬಿದ್ದರೆ ಮೊಮ್ಮಗಳಿಗೆ ಶುಭವೆಂದು ದುರುಗವ್ವ ನಂಬಿದ್ದಳು. ಆ ಮಾತುಗಳನ್ನು ನಂಬಿದವಳು ಅವಳೊಬ್ಬಳೇ ಎಂಬುದು ಆಮೇಲೆ ತಿಳಿಯಿತು.

ಹತ್ತನೆಯ ದಿನ ಮಧ್ಯಾಹ್ನ ಏಡಿ ಬಿಲವೊಂದರಿಂದ ಏರಿ ಜಿನುಗತೊಡಗಿತು. ತಿಳಿನೀರು ಜಿನುಗಿದರೆ ಭಯವಿಲ್ಲ. ಕೆಂಪಾದರೆ ಒಳಗಿನ ಮಣ್ಣು ಕರಗುತ್ತಿದೆಯೆಂದೇ ಅರ್ಥ. ಆ ದಿನ ನೀರು ಕೆಂಪಾಗಿತ್ತು. ಊರಿನವರು ದೂರದ ಹೊಲಗಳಲ್ಲಿದ್ದರು. ಮೊದಲು ಬಾಣಂತಿಯನ್ನು ಮಂಟಪಕ್ಕೆ ತಂದು ಮಲಗಿಸುತ್ತೇನೆ, ಆಮೇಲೆ ಏರಿಯನ್ನು ನೋಡುತ್ತೇನೆ ಎಂದು ದುರುಗವ್ವ ಕೇಳಿಕೊಂಡಳು. ಚಿದ್ಘನಯ್ಯ ಮೃದುವಾಗಿ ನಕ್ಕು, ಹಸಿ ಬಾಣಂತಿಯನ್ನು ಕದಲಿಸುವುದೇಕೆ, ನಾವಿಷ್ಟು ಜನರಿದ್ದೇವೆ, ಒಂದು ಗಳಿಗೆಯಲ್ಲಿ ಬಿಲ ಮುಚ್ಚುತ್ತದೆ ಎಂದ. ಪುರುಡಿನ ಮೈಲಿಗೆ ಮಂಟಪಕ್ಕೆ ಬೇಡವೆಂಬುದನ್ನು ಬಾಯಿಬಿಟ್ಟು ಹೇಳುವಷ್ಟು ಒರಟ ಅವನಲ್ಲ. ಅವಳು ಗುಡಿಸಲಿಗೆ ಹೋಗದೆ ಬಿಲದ ಬಳಿಗೆ ಓಡಿದಳು.

ಹದಿನೇಳು ಮಂದಿ ಸಾಧುಗಳು ಗುಂಡಿಯಿಂದ ಏರಿಯವರೆಗೆ ಸಾಲಾಗಿ ನಿಂತರು. ಕೊನೆಯಲ್ಲಿ ದುರುಗವ್ವ. ಮಣ್ಣಿನ ಬುಟ್ಟಿಗಳು ಹೊರಟವು. ಆದರೆ ಒಬ್ಬರ ಕೈಯಿಂದ ಇನ್ನೊಬ್ಬರು ಬುಟ್ಟಿ ತೆಗೆದುಕೊಂಡರೆ ಮುಟ್ಟಿದಂತಾಗುತ್ತದೆ. ನೆಲಕ್ಕೆ ಮೈಲಿಗೆಯಿಲ್ಲವಾದ್ದರಿಂದ, ಪ್ರತಿಯೊಬ್ಬನೂ ಬುಟ್ಟಿಯನ್ನು ನೆಲಕ್ಕಿಳಿಸಿ ಹಿಂದೆ ಸರಿಯುವನು. ಮುಂದಿನವನು ಬಂದು ಎತ್ತಿಕೊಳ್ಳುವನು. ಕಡಲಾಚೆಯವರೂ ಆ ಪದ್ಧತಿಯನ್ನು ಎರಡೇ ಬುಟ್ಟಿಗೆ ಕಲಿತರು. ಬುಟ್ಟಿಯಲ್ಲಿದ್ದದ್ದೂ ಅದೇ ನೆಲದ ಮಣ್ಣೆಂಬುದು ಅಷ್ಟು ಮಂದಿ ಜ್ಞಾನಿಗಳಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ದುರುಗವ್ವ ಒಂದು ಬುಟ್ಟಿ ಸುರಿದು ಇನ್ನೊಂದು ಬರುವಷ್ಟರಲ್ಲಿ ಬಿಲ ಮೊದಲಿನದನ್ನು ನುಂಗಿರುತ್ತಿತ್ತು.

"ಕೈಯಿಂದ ಕೈಗೆ ಕೊಡ್ರಿ ಬುದ್ಧಿ," ಎಂದಳು ಅವಳು. "ನೆಲಕ್ಕಿಟ್ಟು ಎತ್ತೋತನಕ ನೀರು ಕಾಯಲ್ಲ."

"ಕೆಲಸ ನಡೀತಾ ಇದೆಯಲ್ಲ ತಾಯಿ," ಎಂದ ಚಿದ್ಘನಯ್ಯ. "ಅವರವರ ಆಚಾರ ಅವರವರಿಗೆ."

"ನಿನ್ನೆ ಒಡಹುಟ್ಟಿದವರು ಅಂದ್ರಿ. ಇವತ್ತಿಗೆ ಪಾಲಾಯ್ತಾ?"

ಅವನು ಬುಟ್ಟಿಯನ್ನು ಎಚ್ಚರಿಕೆಯಿಂದ ನೆಲಕ್ಕಿಳಿಸಿ ಹಿಂದೆ ಸರಿದ.

ಏರಿ ಒಡೆದಾಗ ಆ ಹದಿನೇಳು ಮಂದಿಯ ಬುಟ್ಟಿಗಳೂ ನೆಲದ ಮೇಲಿದ್ದವು ಎನ್ನುತ್ತಾರೆ. ಸಾಧುಗಳು ಒಬ್ಬರ ತೋಳನ್ನು ಒಬ್ಬರು ಹಿಡಿದು, ಒಬ್ಬರ ಮೈಮೇಲೆ ಒಬ್ಬರು ಬಿದ್ದು ಮಂಟಪ ಹತ್ತಿದರು. ಆಗ ಯಾರನ್ನು ಯಾರು ಮುಟ್ಟಿದರೆಂದು ಯಾರೂ ನೋಡಲಿಲ್ಲ. ಒಬ್ಬನಿಗೂ ಗಾಯವಾಗಲಿಲ್ಲ. ದುರುಗವ್ವ ಇಳಿಜಾರಿನಲ್ಲಿ ಓಡಿದಳು, ನೀರು ಅವಳಿಗಿಂತ ಮೊದಲು ಹೋಯಿತು. ಗುಡಿಸಲು ಇದ್ದ ಜಾಗದಲ್ಲಿ ಒಲೆಯ ಮೂರು ಕಲ್ಲುಗಳಲ್ಲಿ ಒಂದು ಉಳಿದಿತ್ತು. ಸಾಧುಗಳು ಮೂರು ದಿನ ನಿಂತು, ಚಪ್ಪಡಿಗಲ್ಲಿನಲ್ಲಿ ತೀರ್ಮಾನವನ್ನು ಕೆತ್ತಿಸಿ, ಪರಸ್ಪರ ನಮಸ್ಕರಿಸಿ ಹೊರಟುಹೋದರು. ಈರಕ್ಕನ ಹೆಸರಾಗಲಿ, ಇನ್ನೂ ಹೆಸರಿಡದ ಕೂಸಿನ ಸುದ್ದಿಯಾಗಲಿ ಅದರಲ್ಲಿ ಇಲ್ಲ. ಊರಿನವರು ಬುಟ್ಟಿಗಳನ್ನು ತೆಗೆಯಲು ಬಂದಾಗ ದುರುಗವ್ವ ತಡೆದಳು. "ಅವನ್ನ ಯಾರೂ ಮುಟ್ಟಬ್ಯಾಡ್ರಿ. ಮುಟ್ಟೋರಾಗಿದ್ರೆ ಆವತ್ತೇ ಮುಟ್ಟತಿದ್ರು," ಎಂದಳಂತೆ. ಊರಿನಲ್ಲೂ ಅದೇ ಆಚಾರವಿತ್ತು. ಬಂದವರು ತಲೆತಗ್ಗಿಸಿ ಹಿಂತಿರುಗಿದರು.

ಬುಟ್ಟಿಗಳು ಕೊಳೆತವು, ಮಣ್ಣು ಉಳಿಯಿತು. ಇಳಿಬುಟ್ಟಿ ದಿಣ್ಣೆಗಳೆಂದು ಹೆಸರಾಯಿತು. ಈಗ ವರ್ಷಕ್ಕೊಮ್ಮೆ ಊರಿನ ಹದಿನೇಳು ಮನೆತನದವರು ಬಂದು, ತಾವು ಹಂಚಿಕೊಂಡ ತಮ್ಮ ತಮ್ಮ ದಿಣ್ಣೆಗೆ ಒಂದೊಂದು ಬುಟ್ಟಿ ಮಣ್ಣು ಹಾಕುತ್ತಾರೆ. ಪಕ್ಕದವರ ದಿಣ್ಣೆ ಕುಸಿದಿದ್ದರೂ ಅದಕ್ಕೆ ಕೈ ಹಚ್ಚುವುದಿಲ್ಲ. ಆಮೇಲೆ ಮಂಟಪದಲ್ಲಿ ಲೋಕಬಾಂಧವ್ಯದ ಮೇಲೆ ಭಾಷಣವಿರುತ್ತದೆ. ನೋಡಲು ಹೋದವರು ಸಾಲಿನ ಕೊನೆಯವರೆಗೂ ನಡೆಯಬೇಕು. ಒಡಕಿನ ಅಂಚಿನ ಹದಿನೆಂಟನೆಯ ಜಾಗ ಸಪಾಟಾಗಿದೆ. ಅಲ್ಲಿ ನಿಂತವಳು ಬುಟ್ಟಿಯನ್ನು ನೆಲಕ್ಕಿಳಿಸಲಿಲ್ಲ.