ಮೇಲಿನ ಹೊಲದ ಮಣ್ಣು

"ಬುದ್ಧೀ, ಅಡಿವೆಪ್ಪನನ್ನು ಊರಿಗೆ ಕಳಿಸಿಬಿಡಬಾರದೇ?" ಎಂದು ಶಿಷ್ಯ ವಿರೂಪಯ್ಯ ಕೇಳಿದ. "ಇಬ್ಬರೂ ಒಂದೇ ದಿನ ಮಠಕ್ಕೆ ಸೇರಿದೆವು. ನನಗೆ ನೂರು ಶ್ಲೋಕ ಬಾಯಿಗೆ ಬಂದಿವೆ, ಅವನಿಗೆ ಹತ್ತೂ ಬಂದಿಲ್ಲ. ಪಾಠಕ್ಕೆ ಕೂತರೆ ತೂಕಡಿಸುತ್ತಾನೆ."

ಗುರುಗಳು ನಕ್ಕರು. "ಮಠದ ಮೇಲೆ ನಿನಗೆ ಬಹಳ ಕಾಳಜಿ. ಕೂತುಕೋ, ಒಂದು ಕತೆ ಹೇಳುತ್ತೇನೆ. ಕೇಳಿದ ಮೇಲೂ ಕಳಿಸು ಎಂದರೆ ಕಳಿಸೋಣ."

ಒಂದು ಇಳಿಜಾರಿನಲ್ಲಿ ಇಬ್ಬರು ರೈತರ ಹೊಲಗಳಿದ್ದವು. ಮೇಲಿನವನದು ಬಡಕಲು ಹೊಲ, ಕೆಳಗಿನವನದು ಕಪ್ಪು ಮಣ್ಣಿನ ಹೊಲ. ಮೇಲಿನವನು ತನ್ನ ಮಗನಿಗೆ ಕೆಳಗಿನವನ ಮಗಳನ್ನು ಕೇಳಿದ. ಮಕ್ಕಳಿಬ್ಬರಿಗೂ ಮನಸ್ಸಿತ್ತು. ಕೆಳಗಿನವನು ಇಲ್ಲ ಎಂದು ಸುಮ್ಮನಿದ್ದರೆ ಸಾಕಾಗಿತ್ತು. ಅವನಿಗೆ ಅಷ್ಟು ಸಾಲಲಿಲ್ಲ. ಊರ ಹಿರಿಯರನ್ನು ಸೇರಿಸಿ, ಬಾವಿ ತೋಡುವ ಮುದುಕನೊಬ್ಬನನ್ನು ಕರೆಸಿದ. "ಇವನ ಹೊಲ ತೋಡು. ಎಂಥ ಸೋಮಾರಿಯ ಮನೆಗೆ ಹೆಣ್ಣು ಕೇಳುತ್ತಿದ್ದಾರೆ ಎಂದು ಎಲ್ಲರೂ ನೋಡಲಿ" ಎಂದ.

ಮುದುಕ ತೋಡಿದ. ಅರ್ಧ ಗೇಣು ಮಣ್ಣು, ಅದರಡಿ ಬರೀ ಗರಸು. ಮೇಲಿನವನು ತಲೆ ತಗ್ಗಿಸಿ ನಿಂತ.

"ಈಗ ನನ್ನದನ್ನೂ ತೋಡು" ಎಂದ ಕೆಳಗಿನವನು.

ಮುದುಕ ನೇಗಿಲು ತಾಗದ ಅಂಚು ನೋಡಿ ತೋಡಿದ. ಒಂದು ಮೊಳ ಕಪ್ಪು ಮಣ್ಣು ಬಂತು. ಕೆಳಗಿನವನು ಮೀಸೆ ಮೇಲೆ ಕೈ ಹಾಕಿದ. ಮುದುಕ ಮಾತ್ರ ಗುಂಡಿಯ ಗೋಡೆಯನ್ನು ಸವರುತ್ತ ಬಹಳ ಹೊತ್ತು ಕೂತ. ಆಮೇಲೆ ಹೇಳಿದ:

"ಕಲ್ಲು ಬಿಸಿಲು ಮಳೆಗೆ ಪುಡಿಯಾಗಿ ಗರಸಾಗುತ್ತದೆ. ಗರಸಿನ ಮೇಲೆ ಹುಲ್ಲು ಹುಟ್ಟಿ, ಸತ್ತು, ಕೊಳೆತು ಮಣ್ಣು ಕಪ್ಪಾಗುತ್ತದೆ. ಒಂದು ಬೆರಳು ದಪ್ಪ ಆಗಬೇಕಾದರೆ ಎಷ್ಟೋ ತಲೆಮಾರು ಬೇಕು. ಹಾಗೆ ಇದ್ದಲ್ಲೇ ಹುಟ್ಟಿದ ಮಣ್ಣು ಕೆಳಕೆಳಗೆ ಹೋದಂತೆ ಮೆಲ್ಲಗೆ ಬಣ್ಣ ಬದಲಿಸುತ್ತದೆ. ಇಲ್ಲಿ ನೋಡಿ, ಗೆರೆ ಗೆರೆಯಾಗಿದೆ. ಪ್ರತಿ ಗೆರೆಯಲ್ಲೂ ಅಡಿಗೆ ಮರಳು, ಮೇಲೆ ನಯವಾದ ಮಣ್ಣು. ಇದು ನೀರು ತಂದು ಹಾಕಿದ್ದು, ಹತ್ತು ಹನ್ನೆರಡು ಮಳೆಗಾಲದ್ದು. ಇದರ ಕೆಳಗೆ ಹಳೇ ಹುಲ್ಲಿನ ಬೇರು ಕಾಣುತ್ತಿದೆಯಲ್ಲ, ಅದು ನಿಮ್ಮ ಹೊಲ, ಯಜಮಾನರೇ. ಅದೂ ಅರ್ಧ ಗೇಣೇ."

ಕೆಳಗಿನವನ ಕೈ ಮೀಸೆಯಿಂದ ಇಳಿಯಿತು. ಹನ್ನೆರಡು ವರ್ಷದ ಹಿಂದೆ ಅವನು ಮೇಲಿನ ಹೊಲದ ಮಣ್ಣು ತಡೆಯುತ್ತಿದ್ದ ಒಡ್ಡಿನ ಕಲ್ಲುಗಳನ್ನು ಕಿತ್ತು ತನ್ನ ಕೊಟ್ಟಿಗೆಯ ಗೋಡೆಗೆ ಹಾಕಿಕೊಂಡಿದ್ದ. ನಾಲ್ಕು ಕಲ್ಲು ತಾನೇ ಎಂದುಕೊಂಡು ಮರೆತೂ ಬಿಟ್ಟಿದ್ದ.

ಮೇಲಿನವನಿಗೆ ಅದು ಗೊತ್ತಿತ್ತು. ಕೊಟ್ಟಿಗೆಯ ಮುಂದೆ ದಿನಾ ಓಡಾಡುವವನಿಗೆ ತನ್ನ ಕಲ್ಲು ಗುರುತು ಸಿಗದೇ ಇರುತ್ತದೆಯೇ? ಅವನು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು, "ಎಲ್ಲ ಹಳ್ಳದ ಪಾಲಾಯಿತು ಎಂದುಕೊಂಡಿದ್ದೆ. ನಿಮ್ಮಲ್ಲೇ ಇದೆಯಲ್ಲ, ಸದ್ಯ" ಎಂದ. ಅಷ್ಟೇ ಅಂದ.

ಬೈದಿದ್ದರೆ ಕೆಳಗಿನವನು ತಡೆದುಕೊಳ್ಳುತ್ತಿದ್ದ. ಹಿರಿಯರ ಮುಂದೆ ಟವೆಲಿನಿಂದ ಮುಖ ಮುಚ್ಚಿಕೊಂಡು ಕೂತುಬಿಟ್ಟ. ಮರುದಿನ ಕೊಟ್ಟಿಗೆಯ ಗೋಡೆ ಕೆಡವಿ, ಕಲ್ಲುಗಳನ್ನು ತಾನೇ ಹೊತ್ತು ಒಡ್ಡಿಗೆ ಮರಳಿಸಿದ. ಮಗಳನ್ನೂ ಕೊಟ್ಟ. ಆದರೆ ಮಣ್ಣು ಮೇಲಕ್ಕೆ ಹತ್ತಲಿಲ್ಲ. ಬೀಗರ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಅವನ ಕಣ್ಣು ಎಲೆಯ ಮೇಲೇ ಇರುತ್ತಿತ್ತು. ಬೀಗನ ಮುಖ ನೋಡಿ ಮಾತಾಡಲು ಸಾಯುವ ತನಕ ಅವನಿಂದ ಆಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಅಂಥವನಿಗೆ ಹಾಗೇ ಆಗಬೇಕು, ಬುದ್ಧೀ" ಎಂದ ವಿರೂಪಯ್ಯ.

"ಹೌದಪ್ಪ" ಎಂದರು ಗುರುಗಳು. "ಎರಡು ವರ್ಷದಿಂದ ಬೆಳಗಿನ ಜಾವ ಎದ್ದು, ನಿನ್ನ ಪಾಳಿಯ ನೀರನ್ನೂ ಬಾವಿಯಿಂದ ಸೇದಿ ಹಾಕುತ್ತಿರುವವರು ಯಾರು?"

ಮರುದಿನ ಬೆಳಗಿನ ಜಾವ ಅಡಿವೆಪ್ಪ ಬಾವಿಗೆ ಬರುವಷ್ಟರಲ್ಲಿ ವಿರೂಪಯ್ಯ ನೀರು ಸೇದುತ್ತಿದ್ದ.