ಬದನೆಕಾಯಿ ಬಣ್ಣದ ಶಾಯಿ

ಚಂಪಕ್ಕನ ಶಾಯಿ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಶಾಯಿಯನ್ನು ಯಾರೇ ಮಾಡಲಿ, ಸೀಸೆಯ ಮೇಲೆ ಇರುತ್ತಿದ್ದದ್ದು ಚಂಪಕ್ಕನ ಹೆಸರೇ. ಅವಳ ಕೈಕೆಳಗೆ ಕಲಿತವರು ತಮ್ಮದೇ ಒಂದು ಬಣ್ಣ ಮಾಡಿ, ಅದು ಅವಳಿಗೆ ಒಪ್ಪಿಗೆಯಾದರೆ ಮಾತ್ರ ಆ ಸೀಸೆಗೆ ಅವರ ಹೆಸರಿನ ಚೀಟಿ ಅಂಟುತ್ತಿತ್ತು. ಅವಳ ಶಿಷ್ಯ ಪುಂಡಲೀಕನಿಗೆ ಆ ಚೀಟಿಯದೇ ಧ್ಯಾನ. ಊಟಕ್ಕೆ ಕೂತರೂ ಅದೇ, ಪೆನ್ನು ತೊಳೆಯುತ್ತ ನಿಂತರೂ ಅದೇ.

ಅವನ ಕೈ ಚುರುಕು, ಅದರಲ್ಲಿ ಎರಡು ಮಾತಿಲ್ಲ. ತನ್ನ ಮೇಲೆ ತನಗಿದ್ದ ಭರವಸೆಯೂ ಏನು ಕಡಿಮೆಯದಲ್ಲ ಅನ್ನಿ. ಒಂದು ದಿನ ಬದನೆಕಾಯಿ ಬಣ್ಣದ ಶಾಯಿ ಮಾಡಿಯೇಬಿಟ್ಟ. ಶಾಯಿಗೆ ಗೋಂದು ಹೆಚ್ಚಾದರೆ ಪೆನ್ನು ಕಟ್ಟಿಕೊಳ್ಳುತ್ತದೆ. ಅದಕ್ಕೇ ಅವನು ಗೋಂದನ್ನು ಕೈ ಬಿಗಿಹಿಡಿದು ಹಾಕಿದ್ದ. ಪೆನ್ನು ನೀರು ಹರಿದ ಹಾಗೆ ಓಡಿತು.

ಕಾಗದಗಳನ್ನು ಹರಡಿಕೊಂಡು ಬರೆದು ನೋಡಿದ. ನುಣುಪಾದ ಬಿಳಿ ಹಾಳೆಯ ಮೇಲೆ ಬಣ್ಣ ಮಿರಮಿರ ಮಿಂಚಿತು. ದಪ್ಪ ಡ್ರಾಯಿಂಗ್ ಹಾಳೆಯ ಮೇಲೆ ಅಕ್ಷರದ ಅಂಚಿಗೆ ಕೆಂಪು ಹೊಳಪು ಬಂತು. ಬಾಂಡ್ ಪೇಪರಿನ ಮೇಲಂತೂ ಅಚ್ಚು ಹಾಕಿದ ಹಾಗೆ ನಿಂತಿತು. ಎಲ್ಲದರ ಮೇಲೂ ಅವನು ಬರೆದದ್ದು ತನ್ನ ಹೆಸರನ್ನೇ, ಮತ್ತೇನು ಬರೆದಾನು! ಕೊನೆಗೆ ಕೈಗೆ ಸಿಕ್ಕಿದ್ದು ಅಗ್ಗದ ನೋಟ್‌ಬುಕ್ಕಿನ ಒರಟು ಹಾಳೆ. ಅದರ ಮೇಲೆ ಬರೆದದ್ದೇ ತಡ, ಅಕ್ಷರಗಳಿಗೆಲ್ಲ ಜರಿಹುಳದ ಹಾಗೆ ಕಾಲು ಮೂಡಿದವು. ಶಾಯಿ ಹಿಂದಿನ ಮಗ್ಗುಲಿಗೂ ಇಳಿಯಿತು. ದರಿದ್ರ ಕಾಗದ ಎಂದು ಬೈದು, ಮುದುರಿ ಕಸದ ಬುಟ್ಟಿಗೆ ಎಸೆದ.

ಚಂಪಕ್ಕ ಬಂದು ಹಾಳೆಗಳನ್ನು ನೋಡಿ ಸಂತೋಷಪಟ್ಟಳು. ಎಲ್ಲ ಕಾಗದದ ಮೇಲೂ ನೋಡಿದೆಯಾ ಎಂದು ಕೇಳಿದಳು. ಓಹೋ, ಎಲ್ಲದರ ಮೇಲೂ ನೋಡಿದೆ ಎಂದ ಪುಂಡಲೀಕ. ಅದು ಸುಳ್ಳಲ್ಲ ನೋಡಿ. ಆದರೆ ಕಸದ ಬುಟ್ಟಿಯ ವಿಷಯ ಅವನು ಬಾಯಿ ಬಿಡಲಿಲ್ಲ.

ಆ ಶುಕ್ರವಾರ ಚಂಪಕ್ಕನ ಮೊಮ್ಮಗಳು ಸುಚೇತಾಳ ಲಗ್ನಪತ್ರಿಕೆ ಬರೆಯುವ ಶಾಸ್ತ್ರವಿತ್ತು. ಅದನ್ನು ಹೊಸ ಶಾಯಿಯಲ್ಲಿ ಪುಂಡಲೀಕನೇ ಬರೆಯಲಿ, ಚೆನ್ನಾಗಿ ಬಂದರೆ ಶನಿವಾರದಿಂದ ಸೀಸೆಗೆ ಅವನ ಹೆಸರು ಎಂದು ಚಂಪಕ್ಕ ಮಾತು ಕೊಟ್ಟಳು. ಇವನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಶುಕ್ರವಾರ ಎರಡೂ ಕಡೆಯ ಬೀಗರು ಜಮಖಾನೆಯ ಮೇಲೆ ಕೂತರು. ಗಂಡಿನ ಕಡೆಯವರು ತಂದ ಕಾಗದದ ಮೇಲೆ ಪುರೋಹಿತರು ಹೇಳಿದಂತೆಲ್ಲ ಪುಂಡಲೀಕ ಬರೆದ. ದುಂಡು ಅಕ್ಷರ, ಬದನೆಕಾಯಿ ಬಣ್ಣ, ನೋಡಲು ಎರಡು ಕಣ್ಣು ಸಾಲದು. ಎಲ್ಲರೂ ಬಾಯ್ತುಂಬ ಹೊಗಳಿದರು. ಇನ್ನು ಉಳಿದದ್ದು ಮೂಲೆಗಳಿಗೆ ಅರಿಸಿನ ಹಚ್ಚುವ ಶಾಸ್ತ್ರ. ಗಂಡಿನ ಸೋದರತ್ತೆ ಅರಿಸಿನದ ನೀರಿನಲ್ಲಿ ಬೆರಳು ಅದ್ದಿ ಪತ್ರಿಕೆಯ ಮೇಲೆ ಕೈ ಚಾಚಿದರು. ಒಂದು ಹನಿ ತೊಟ್ಟಿಕ್ಕಿ ಸುಚೇತಾಳ ಹೆಸರಿನ ಮೇಲೆ ಬಿತ್ತು.

ಹೆಸರು ಕರಗಿತು. ಬದನೆಕಾಯಿ ಬಣ್ಣ ಅರಿಸಿನಕ್ಕೆ ಕಲೆತು ಕೆಸರಿನಂತಾಗಿ ಹರಡಿತು. ಮದುಮಗಳ ಹೆಸರೇ ಅಳಿಸಿತಲ್ಲ ಎಂದು ಯಾರೋ ಗೊಣಗಿದರು. ಪಾಪ, ಸುಚೇತಾಳ ಕಣ್ಣಲ್ಲಿ ನೀರು ತುಂಬಿತು.

ಕಾಗದ ಸರಿ ಇಲ್ಲ ಎಂಬ ಮಾತು ಪುಂಡಲೀಕನ ನಾಲಿಗೆಯ ತುದಿಗೆ ಬಂದಿತ್ತು. ಹಾಗೆ ಹೇಳಿಬಿಟ್ಟರೆ ಅವನು ಪಾರು, ತಪ್ಪು ಬೀಗರ ತಲೆಗೆ. ಆದರೆ ಅದೇ ಮಾತು ಹೇಳಿ ತಾನು ಬುಟ್ಟಿಗೆ ಎಸೆದ ಹಾಳೆ ಅವನಿಗೆ ನೆನಪಾಯಿತು. ಗೋಂದು ಸಾಲದೆ ಶಾಯಿ ಕಾಗದಕ್ಕೆ ಹಿಡಿಯುತ್ತಿಲ್ಲವೆಂದು ಆ ಹಾಳೆ ಅವತ್ತೇ ಹೇಳಿತ್ತು. ಕೇಳಿಸಿಕೊಳ್ಳದವನು ತಾನು. ಅವನಿಗೆ ನಾಚಿಕೆಯಾಯಿತು.

ಅವನು ಎದ್ದು ನಿಂತು ಹೇಳಿದ: "ಕಾಗದದ್ದೇನೂ ತಪ್ಪಿಲ್ಲ. ತಪ್ಪು ನನ್ನ ಶಾಯಿಯದು. ಇದು ಹರಡುತ್ತದೆ ಅಂತ ನನಗೆ ಗೊತ್ತಿತ್ತು, ಚಂಪಕ್ಕನಿಂದ ಮುಚ್ಚಿಟ್ಟೆ."

ಹೀಗೆ ಹೇಳಿದವನು ಸುಮ್ಮನೆ ನಿಲ್ಲಲಿಲ್ಲ. ಇನ್ನೊಂದು ಹಾಳೆ ಕೇಳಿ ತೆಗೆದುಕೊಂಡು, ಚಂಪಕ್ಕನ ಹಳೆಯ ಕಪ್ಪು ಶಾಯಿಯಲ್ಲಿ ಮೊದಲಿನಿಂದ ಬರೆದ. ಅರಿಸಿನ ಬಿತ್ತು, ಅಕ್ಷರ ಅಲ್ಲಾಡಲಿಲ್ಲ. ಮೊದಲು ಅರಿಸಿನ ಬಿದ್ದದ್ದು ನಮ್ಮ ಸೊಸೆಯ ಹೆಸರಿನ ಮೇಲೇ ಅಲ್ಲವೇ, ಶುಭವೇ ಆಯಿತು ಬಿಡಿ ಎಂದು ಗಂಡಿನ ಸೋದರತ್ತೆ ನಕ್ಕಾಗ ಸುಚೇತಾಳೂ ಕಣ್ಣೊರೆಸಿಕೊಂಡು ನಕ್ಕಳು. ಚಂಪಕ್ಕ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. ಶನಿವಾರ ಬಂತು, ಚೀಟಿ ಬರಲಿಲ್ಲ.

ಪುಂಡಲೀಕ ಬುಟ್ಟಿಯಿಂದ ಆ ಒರಟು ಹಾಳೆಯನ್ನು ಹುಡುಕಿ ತೆಗೆದು, ನೀವಿ, ತಾನು ಕೂರುವ ಜಾಗದ ಎದುರಿಗೆ ಅಂಟಿಸಿಕೊಂಡ. ಗೋಂದನ್ನು ಚೂರು ಚೂರೇ ಹೆಚ್ಚಿಸುತ್ತ ಹೋದ. ಈಗ ಅವನು ಮೊದಲು ಬರೆಯುತ್ತಿದ್ದದ್ದೇ ಅಗ್ಗದ ಹಾಳೆಯ ಮೇಲೆ. ಕೆಲವು ಸಲ ಪೆನ್ನು ಕಟ್ಟಿತು, ಕೆಲವು ಸಲ ಅಕ್ಷರ ಒಡೆಯಿತು. ಅವನೂ ಬಿಡಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಶಾಯಿ ಒರಟು ಹಾಳೆಯ ಮೇಲೂ ನೆಟ್ಟಗೆ ನಿಂತಿತು. ಚಂಪಕ್ಕ ಅದರ ಮೇಲೆ ಅರಿಸಿನದ ನೀರು ಹಾಕಿ ನೋಡಿದಳು. ಬಣ್ಣ ಕದಲಲಿಲ್ಲ. ಇನ್ನು ಚೀಟಿ ಬರೆದುಕೋ ಎಂದು ಪೆನ್ನು ಮುಂದೆ ಮಾಡಿದಳು.

ಪುಂಡಲೀಕ ಪೆನ್ನು ತೆಗೆದುಕೊಂಡ, ಚೀಟಿ ಮುಟ್ಟಲಿಲ್ಲ. ಅವನ ಕಣ್ಣು ಎದುರಿನ ಮಿರ್ಚಿ ಭಜಿ ಅಂಗಡಿಯ ಮೇಲಿತ್ತು.

"ಸ್ವಲ್ಪ ತಡಿ ಚಂಪಕ್ಕ, ಅವರು ಭಜಿ ಕಟ್ಟುವ ಎಣ್ಣೆ ಕಾಗದದ ಮೇಲೆ ಒಂದು ಸಲ ನೋಡಿ ಬರ್ತೀನಿ."

ಚಂಪಕ್ಕ ಮನಸಾರೆ ನಕ್ಕಳು. ಅವನು ಅತ್ತ ರಸ್ತೆ ದಾಟುತ್ತಿದ್ದಂತೆ, ಇತ್ತ ತಾನೇ ಚೀಟಿ ತೆಗೆದುಕೊಂಡು ದೊಡ್ಡ ಅಕ್ಷರದಲ್ಲಿ ಪುಂಡಲೀಕ ಎಂದು ಬರೆದು ಸೀಸೆಗೆ ಅಂಟಿಸಿದಳು.

ನೀತಿ: ಮಕ್ಕಳೇ, ಮೆಚ್ಚುವವರಿಗೆ ಮಾತ್ರ ನಿಮ್ಮ ಕೆಲಸ ತೋರಿಸಿ ಬೀಗಬೇಡಿ. ತಪ್ಪು ತೋರಿಸುವವರ ಹತ್ತಿರ ನೀವಾಗಿಯೇ ಅದನ್ನು ಕೊಂಡುಹೋಗಿ. ಅಲ್ಲಿ ನಿಂತ ಕೆಲಸ ಎಲ್ಲೆಡೆಯೂ ನಿಲ್ಲುತ್ತದೆ, ಅದರ ಜೊತೆಗೆ ನಿಮ್ಮ ಹೆಸರೂ ನಿಲ್ಲುತ್ತದೆ.