ಸೆನ್ಸರಿನ ಕಣ್ಣಿಗೆ ಗಂಧ

ಆಯುಧಪೂಜೆಯ ಮರುದಿನ ಸಣ್ಣೀರಪ್ಪನವರ ಬೇಕರಿಯ ಗ್ಯಾಸ್ ಓವನ್ ಹೊತ್ತಿಕೊಂಡ ನಾಲ್ಕೇ ಸೆಕೆಂಡಿಗೆ ಆರಿಹೋಗತೊಡಗಿತು. ಉಬ್ಬಿದ್ದ ಬನ್ನಿನ ಹಿಟ್ಟು ಕಾದು ಕಾದು ಹುಳಿಯಾಯಿತು. ಸಣ್ಣೀರಪ್ಪ ರೇಗಿ, ಕಿಡಿ ಹಾರಿಸುವ ಇಗ್ನೈಟರನ್ನು ಕಿತ್ತೆಸೆದು ಹೊಸದನ್ನು ಕೂರಿಸಿದರು. ಉರಿ ಮತ್ತೆ ಆರಿತು.

ಹೊಸ ಇಗ್ನೈಟರ್, ಉರಿ ಇದೆಯೋ ಇಲ್ಲವೋ ನೋಡಿ ಹೇಳುವ ಸೆನ್ಸರ್ ಕಡ್ಡಿಯ ಮೇಲೆ ಹರಿಹಾಯಿತು: "ನಾನು ಹೊತ್ತಿಸಿದ ಉರಿ ನಿನಗೆ ಕಾಣಿಸುವುದಿಲ್ಲವೇ? ಗ್ಯಾಸ್ ಯಾಕೆ ನಿಲ್ಲಿಸುತ್ತೀಯ?"

"ಕಾಣದ ಉರಿಯನ್ನು ಇದೆ ಎನ್ನಲಾರೆ. ಹಾಗೆ ಸುಳ್ಳು ಹೇಳಿದ ದಿನ ಗ್ಯಾಸ್ ತುಂಬಿ ಈ ಬೇಕರಿಯೇ ಹಾರಿಹೋಗುತ್ತದೆ," ಎಂದಿತು ಸೆನ್ಸರ್.

"ನಿನ್ನ ತಪ್ಪಿಗೆ ನನ್ನಣ್ಣ ಕಸದ ಬುಟ್ಟಿ ಸೇರಿದ!"

ಸಣ್ಣೀರಪ್ಪ ಓವನ್ನಿಗೆ ಕೈ ಜೋಡಿಸಿದರು: "ತಾಯೀ, ಈ ಸಲ ಒಳಗಿನ ಕಡ್ಡಿಯನ್ನೂ ಬಿಡದೆ ಗಂಧ ಕುಂಕುಮ ಹಚ್ಚಿದೆನಲ್ಲ! ಇನ್ನೇನು ಕಮ್ಮಿ ಮಾಡಿದೆ?"

ಸೆನ್ಸರ್ ಸಿಡಿಯಿತು: "ಹಚ್ಚಿದ್ದು ನನ್ನ ಕಣ್ಣಿಗೆ, ಯಜಮಾನರೇ! ಅದು ಸುಟ್ಟು ಕರಿಕಟ್ಟಿದೆ. ಹದಿನಾಲ್ಕು ವರ್ಷ ಪೂಜೆ ಮಾಡಿದಿರಿ, ಒಂದು ದಿನವೂ ಒರೆಸಲಿಲ್ಲ. ಮೊದಲು ಆ ಮುಗಿದ ಕೈ ಬಿಡಿಸಿ, ಬಟ್ಟೆ ಹಿಡಿಯಿರಿ!"